ಗೋಡೆ ಮೇಲಿನ 44 ಚೌಕ ತುಂಬಿದವರಿಗೆ

ನಮ್ಮ ಹಾಡಿನ ವಿಡಿಯೋ ಮುಗಿಯಿತು. ಕಾಲೇಜಿನ ಸಭಾಂಗಣದಲ್ಲಿ ಎಲ್ಲರೂ ಒಟ್ಟಿಗೆ ಕೂತು ನೋಡಿದ್ದೂ ಆಯಿತು. ಅವತ್ತಿನಿಂದ ಮೆಚ್ಚುಗೆಯ ಮಾತು ಬರುತ್ತಲೇ ಇದೆ. ಹಾಡಿದವಳಿಗೆ, ಕ್ಯಾಮೆರಾ ಹಿಡಿದವನಿಗೆ, ನಿರ್ದೇಶನ ಅಂತ ಹೆಸರಿರುವ ನನಗೆ. ತುಂಬಾ ಸಂತೋಷ. ಆದರೆ ಈ ವಿಡಿಯೋದಲ್ಲಿ ನೀವು ಮೆಚ್ಚಿದ ಒಂದೊಂದು ಶಾಟೂ ಮೊದಲು ನಮ್ಮ ಕ್ಲಾಸಿನ ಹಿಂದಿನ ಗೋಡೆ ಮೇಲೆ ಒಂದು ಚೀಟಿಯಾಗಿತ್ತು. ಆ ಚೀಟಿ ಬರೆದವರಲ್ಲಿ ಬಹಳ ಜನ ಪರದೆ ಮೇಲೆ ಎಲ್ಲೂ ಕಾಣುವುದಿಲ್ಲ. ಯಾರು ಏನು ಕೊಟ್ಟರು ಅಂತ ಬಿಡಿಸಿ ಹೇಳಿಯೇ ಥ್ಯಾಂಕ್ಸ್ ಹೇಳಬೇಕು. ಹೆಸರುಗಳೆಲ್ಲ ವಿಡಿಯೋದ ಕೊನೆಯಲ್ಲಿವೆ, ಇಲ್ಲಿ ಮತ್ತೆ ಹಾಕುತ್ತಿಲ್ಲ. ಓದಿದರೆ ಅವರವರಿಗೆ ಗೊತ್ತಾಗುತ್ತದೆ.

ನೋಡದೇ ಇದ್ದವರಿಗೆ ಎರಡು ಮಾತು. ಇದು ಚನ್ನಪಟ್ಟಣದ ಹಳೇ ಹೆದ್ದಾರಿಯ ಗೊಂಬೆ ಅಂಗಡಿಗಳ ಹಾಡು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರ ನಮ್ಮೂರು. ಮೈಸೂರಿಗೆ ಹೋಗುವ ಬಹುಪಾಲು ಗಾಡಿಗಳು ಮೊದಲು ಊರೊಳಗೇ ಹಾದು ಹೋಗುತ್ತಿದ್ದವು. ಕಾರು ನಿಲ್ಲಿಸಿ, ಮಕ್ಕಳಿಗೊಂದು ಬುಗುರಿ, ಒಂದು ಗಿಲಕಿ ಕೊಂಡು ಹೊರಡುತ್ತಿದ್ದರು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಗಾಡಿಗಳು ಬೈಪಾಸ್ ಹಿಡಿದವು. ಪ್ರಯಾಣದ ಹೊತ್ತು ಉಳಿಯಿತು, ಅದು ಒಳ್ಳೆಯದೇ. ಹಳೇ ರಸ್ತೆಯ ಅಂಗಡಿಗಳಿಗೆ ಮಾತ್ರ ಗಿರಾಕಿಗಳು ಕಮ್ಮಿಯಾದರು. ನಮ್ಮ ಕ್ಲಾಸಿನಲ್ಲೇ ಕೆಲವರ ಮನೆ ನಡೆಯುವುದು ಈ ಗೊಂಬೆಗಳಿಂದ. 'ರಸ್ತೆ ಅತ್ತ ಹೊರಳಿತು, ಬಣ್ಣ ಇಲ್ಲೇ ಉಳಿಯಿತು' ಅನ್ನುವ ಪಲ್ಲವಿ ಹುಟ್ಟಿದ್ದು ಅಂಥ ಒಂದು ಮನೆಯಲ್ಲಿ.

ಮೊದಲ ಥ್ಯಾಂಕ್ಸ್ ನಮ್ಮ ಪತ್ರಿಕೋದ್ಯಮದ ಮೇಡಂಗೆ. ಮೇಡಂ, ನಾವು ನಿಮ್ಮ ಹತ್ತಿರ ಕ್ಯಾಮೆರಾ ಕೇಳಲು ಬಂದಿದ್ದೆವು. ನೀವು ಗೋಡೆ ಕೊಟ್ಟಿರಿ. 'ಮೊದಲು ಇಲ್ಲಿ ತೆಗೀರಿ, ಆಮೇಲೆ ಕ್ಯಾಮೆರಾ' ಅಂದಿರಿ. ಸತ್ಯಜಿತ್ ರಾಯ್ ತಮ್ಮ ಮೊದಲ ಸಿನಿಮಾವನ್ನು ಪುಸ್ತಕದಲ್ಲಿ ಒಂದೊಂದೇ ಚಿತ್ರವಾಗಿ ಬರೆದುಕೊಂಡಿದ್ದನ್ನು ಹೇಳಿದಿರಿ. 1930ರ ದಶಕದ ಶುರುವಿನಲ್ಲಿ ಡಿಸ್ನಿ ಸ್ಟುಡಿಯೋದವರು ಕಾರ್ಟೂನಿನ ಚಿತ್ರಗಳನ್ನು ಬೋರ್ಡಿಗೆ ಸಾಲಾಗಿ ಪಿನ್ ಮಾಡಿ, ಎಲ್ಲರೂ ಎದುರು ನಿಂತು ಮಾತಾಡುತ್ತಿದ್ದುದನ್ನೂ ಹೇಳಿದಿರಿ. ಪುಸ್ತಕ ಒಬ್ಬರ ಕೈಯಲ್ಲಿ ಇರುತ್ತದೆ, ಗೋಡೆ ಎಲ್ಲರ ಕಣ್ಣಿಗೆ ಬೀಳುತ್ತದೆ, ನಿಮಗೆ ಗೋಡೆಯೇ ಸರಿ ಅಂದಿರಿ. ಆ ಒಂದು ಮಾತಿನಿಂದ ಇಡೀ ಕ್ಲಾಸು ಈ ಹಾಡಿನೊಳಗೆ ಬಂತು.

ಗೋಡೆಯ ಲೆಕ್ಕ ಹಾಕಿಕೊಟ್ಟವನು ನಮ್ಮ ತಮಟೆ ಹುಡುಗ. ಚಿತ್ರ ಬರೆಯುವ ಮೊದಲು ಹಾಡನ್ನು ಎಣಿಸಿ ಅಂತ ಅವನೇ ಹೇಳಿದ್ದು. ನಮ್ಮ ಹಾಡಿನ ಲಯ ನಿಮಿಷಕ್ಕೆ 96 ಏಟು. ಅಂದರೆ ಎಂಟು ಏಟಿಗೆ ಸರಿಯಾಗಿ 5 ಸೆಕೆಂಡ್. ಹಾಡು ಇರುವುದು 3 ನಿಮಿಷ 40 ಸೆಕೆಂಡ್. ಎಂಟು ಏಟಿಗೆ ಒಂದು ಚೌಕ, ಹಾಗಾಗಿ 44 ಚೌಕ. ಚಾರ್ಟ್ ಹಾಳೆಗಳನ್ನು ಜೋಡಿಸಿ ಅಂಟಿಸಿ, ಅಷ್ಟು ಚೌಕ ಗೀಟು ಹಾಕಿ, ಒಂದೊಂದರ ಕೆಳಗೂ ಆ ಜಾಗದ ಸಾಲು ಬರೆದ. ಪಲ್ಲವಿ ಕೆಂಪು, ಚರಣ ನೀಲಿ, ನಡುವಿನ ಮ್ಯೂಸಿಕ್ ಬಿಟ್ ಹಸಿರು. ಅವತ್ತಿನಿಂದ ಯಾರೂ 'ಒಂದು ಒಳ್ಳೆ ಶಾಟ್ ಇದೆ' ಅಂತ ಸುಮ್ನೆ ಹೇಳುವ ಹಾಗಿರಲಿಲ್ಲ. ಯಾವ ಚೌಕಕ್ಕೆ, ಯಾವ ಏಟಿಗೆ ಅಂತ ಹೇಳಬೇಕಿತ್ತು. ಒಂದು ಚೌಕದಲ್ಲಿ ಒಂದೇ ಶಾಟ್ ಇರಬಹುದು, ಎರಡಿರಬಹುದು, ತಮಟೆ ಜೋರಾಗುವ ಕಡೆ ನಾಲ್ಕೂ ಇರಬಹುದು. ಆದರೆ ಎಲ್ಲಿ ಕತ್ತರಿಸಬೇಕು ಅನ್ನುವುದು ಎಡಿಟಿಂಗಿಗೆ ಕೂರುವ ಮೊದಲೇ ಗೋಡೆ ಮೇಲೆ ಬರೆದಿತ್ತು. ಎಡಿಟ್ ಮಾಡಿದವಳು ಇವನಿಗೆ ಬೇರೆಯಾಗಿ ಥ್ಯಾಂಕ್ಸ್ ಹೇಳಲು ಹೇಳಿದ್ದಾಳೆ.

ಮೇಡಂ ಇಟ್ಟ ನಿಯಮ ಎರಡೇ. ಚೀಟಿ ಮೇಲೆ ಬರೆದವರ ಹೆಸರು ಇರಬಾರದು. ಬೇರೆಯವರ ಚೀಟಿ ತೆಗೆಯಬೇಕಾದರೆ, ಅದಿದ್ದರೆ ಹಾಡಿಗೆ ಎಲ್ಲಿ ತೊಂದರೆ ಅಂತ ಎಲ್ಲರ ಮುಂದೆ ಹೇಳಬೇಕು. ಕೇಳಲು ಸಣ್ಣ ವಿಷಯ. ಇದರಿಂದ ಏನಾಯಿತು ಗೊತ್ತಾ? ಯಾವತ್ತೂ ಬಾಯಿ ಬಿಡದವರು ಚೀಟಿ ಅಂಟಿಸಲು ಶುರು ಮಾಡಿದರು. ಸೆಮಿನಾರಿನಲ್ಲಿ ಎದ್ದು ನಿಂತರೆ ಬೆವರುವ ಗೆಳತಿಯೊಬ್ಬಳ ಚೀಟಿಗಳು ಎರಡನೇ ಚರಣದ ಅರ್ಧ ತುಂಬಿವೆ. ಅವಳಿಗೆ ಮುಖ, ಕೈಕಾಲು ಬರೆಯಲು ಬರುವುದಿಲ್ಲ. ರಂಗೋಲಿ ಚೆನ್ನಾಗಿ ಬರುತ್ತದೆ. ಅವಳು ಚೌಕದೊಳಗೆ ಚುಕ್ಕಿ ಇಟ್ಟಳು. ದೊಡ್ಡ ಚುಕ್ಕಿ ಹಾಡುವವಳು, ಸಣ್ಣ ಚುಕ್ಕಿಗಳು ಗೊಂಬೆಗಳು, ಬಾಣದ ಗುರುತು ಇದ್ದ ಕಡೆ ನಡೆಯಬೇಕು. ನಮ್ಮಲ್ಲಿ ಚಿತ್ರ ಚೆನ್ನಾಗಿ ಬರೆಯುವವರೂ ಇದ್ದರು. ಶೂಟಿಂಗ್ ದಿನ ಎಲ್ಲರಿಗೂ ಬೇಗ ಅರ್ಥವಾಗಿದ್ದು ಈ ಚುಕ್ಕಿಗಳೇ. ಎಲ್ಲಿ ನಿಲ್ಲಬೇಕು, ಎತ್ತ ತಿರುಗಬೇಕು, ಕ್ಯಾಮೆರಾ ಯಾವ ಕಡೆ ಅನ್ನುವುದು ಒಂದು ನೋಟಕ್ಕೆ ಸಿಗುತ್ತಿತ್ತು. ನಾನು ಈಗ ಯಾರಿಗಾದರೂ ಹೇಳುವುದಾದರೆ ಅದನ್ನೇ ಹೇಳುತ್ತೇನೆ. ಶಾಟ್‌ಗಳನ್ನು ಮೊದಲೇ ಹೀಗೆ ಸಾಲಾಗಿ ಬರೆದಿಡುವ ಸ್ಟೋರಿಬೋರ್ಡಿಗೆ ಚಂದದ ಚಿತ್ರಕ್ಕಿಂತ ಸ್ಪಷ್ಟವಾದ ಚಿತ್ರ ಮುಖ್ಯ.

ಕಣ್ವ ಡ್ಯಾಮಿನ ಹತ್ತಿರ ಸಂಜೆ ಬಿಸಿಲಲ್ಲಿ ಡಾನ್ಸ್ ಇಡಬೇಕು ಅಂತ ಚೀಟಿ ಹಾಕಿದ ಗೆಳೆಯನಿಗೆ ನನ್ನ ವಿಶೇಷ ನಮಸ್ಕಾರ. ಆ ಚೀಟಿಯನ್ನು ಯಾರೂ ಕಿತ್ತು ಹಾಕಲಿಲ್ಲ. ಅದು ಹಸಿರು ಬಿಟ್‌ಗೆ ಹೋಯಿತು, ಅಲ್ಲಿಂದ ಕೊನೆಯ ಪಲ್ಲವಿಗೆ ಬಂತು, ಮತ್ತೆ ಹಿಂದೆ ಹೋಯಿತು. ಎಲ್ಲಿ ಇಟ್ಟರೂ ಪಕ್ಕದ ಎರಡು ಚೌಕಗಳ ಜೊತೆ ಕೂಡಲಿಲ್ಲ. ಒಂದು ಬೆಳಗ್ಗೆ ಅವನೇ ಅದನ್ನು ಬಿಡಿಸಿ, ಆ ಜಾಗಕ್ಕೆ ಬೇರೆ ಚೀಟಿ ಅಂಟಿಸಿದ. ಅಂಗಡಿಯ ಅಕ್ಕ ಬಾಗಿಲು ತೆಗೆದು, ಒಂದೊಂದೇ ಗೊಂಬೆ ಮೇಲಿನ ಧೂಳು ಒರೆಸಿ, ರಸ್ತೆ ಕಡೆ ಮುಖ ಮಾಡಿ ಇಡುತ್ತಾರೆ. ಅಷ್ಟೇ. ಸಭಾಂಗಣದಲ್ಲಿ ಜಾಸ್ತಿ ಚಪ್ಪಾಳೆ ಬಂದಿದ್ದು ಆ ಶಾಟಿಗೆ. ತನ್ನ ಆಸೆಯ ಚೀಟಿಯನ್ನು ತಾನೇ ತೆಗೆಯುವುದಕ್ಕೆ ದೊಡ್ಡ ಮನಸ್ಸು ಬೇಕು, ಅಲ್ವಾ?

ಇನ್ನೊಬ್ಬ ಗೆಳೆಯ ನಮ್ಮ ಒಂದು ಚರ್ಚೆಗೂ ಬರಲು ಆಗಲಿಲ್ಲ. ಕ್ಲಾಸ್ ಮುಗಿದ ತಕ್ಷಣ ಅವನು ರಾಮನಗರಕ್ಕೆ ಹೋಗಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ನಿಲ್ಲಬೇಕು. ರಾತ್ರಿ ಊಟವಾದ ಮೇಲೆ ನೋಟ್‌ಬುಕ್ಕಿನ ಹಾಳೆಯಲ್ಲಿ ಗೀಚಿ, ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತಿದ್ದ. ಬೆಳಗ್ಗೆ ಬಂದವರು ಅದನ್ನು ಚೀಟಿಗೆ ಇಳಿಸಿ ಅಂಟಿಸುತ್ತಿದ್ದರು. ಹಾಡಿನ ಮೊದಲ ಚೌಕ ಅವನದು. ಮೇಲೆ ಎಕ್ಸ್‌ಪ್ರೆಸ್‌ವೇಯಲ್ಲಿ ಗಾಡಿಗಳ ಸದ್ದು, ಕೆಳಗೆ ಸರ್ವಿಸ್ ರಸ್ತೆಯಲ್ಲಿ ಒಂದು ಹುಡುಗಿ ಮರದ ಕಾರನ್ನು ದಾರ ಕಟ್ಟಿ ಎಳೆದುಕೊಂಡು ಹೋಗುತ್ತಾಳೆ. ಎಕ್ಸ್‌ಪ್ರೆಸ್‌ವೇ ಮೇಲೆ ನಿಲ್ಲುವುದು ಅಪಾಯ, ಬೈಕಿಗೂ ಅಲ್ಲಿ ಪ್ರವೇಶವಿಲ್ಲ. ಅದೆಲ್ಲ ಯೋಚಿಸಿಯೇ ಅವನು ಕ್ಯಾಮೆರಾವನ್ನು ಕೆಳಗಿನಿಂದ ಇಟ್ಟಿದ್ದ. ಗೆಳೆಯಾ, ನೀನು ಬರಲಿಲ್ಲ ಅಂತ ಯಾರಿಗೂ ಅನ್ನಿಸಲೇ ಇಲ್ಲ. ದಿನಾ ಬೆಳಗ್ಗೆ ಗೋಡೆ ಮೇಲೆ ನೀನಿರುತ್ತಿದ್ದೆ.

ಈಗ ಚಾಚಾ ಅವರ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಬರೆಯಬೇಕು.

ಗೊಂಬೆಯ ಮರವನ್ನು ತಿರುಗಿಸುವ ಯಂತ್ರದ, ಅಂದರೆ ಲೇತ್‌ನ, ಮುಂದೆ ಕೂತು ಬದುಕು ಕಳೆದವರು ಅವರು. ಕಾರ್ಖಾನೆಯೊಳಗೆ ಕ್ಯಾಮೆರಾ ತರುವ ಮೊದಲು ನಮ್ಮ ಚಾರ್ಟ್‌ಗಳನ್ನು ಸುತ್ತಿಕೊಂಡು ಹೋಗಿ ಅವರ ಮುಂದೆ ಹರಡಿದೆವು. ಕೆಲಸ ಮಾಡುವವರು ನೋಡಿ ಒಪ್ಪಲಿ ಅನ್ನುವುದು ಗುಂಪಿನ ತೀರ್ಮಾನ. ಚಾಚಾ ಕನ್ನಡಕ ಹಾಕಿಕೊಂಡು ಒಂದೊಂದೇ ಚೌಕದ ಮೇಲೆ ಬೆರಳಿಟ್ಟು ನೋಡಿದರು. ಒಂದು ಕಡೆ ಬೆರಳು ನಿಂತಿತು. ಅಲ್ಲಿ ಬ್ರಷ್ಷಿನಿಂದ ಬಣ್ಣ ಹಚ್ಚುವ ಚಿತ್ರ ಇತ್ತು. 'ಇದು ನಮ್ಮ ಕೆಲಸ ಅಲ್ಲ ಮಗಾ, ಬಾ ತೋರಿಸ್ತೀನಿ' ಅಂತ ಎದ್ದರು.

ಆಮೇಲೆ ನಮಗೆ ಸಿಕ್ಕಿದ್ದು ಒಂದು ಪಾಠ. ಆಲೆ ಮರ ತರುತ್ತಾರೆ. ಅದು ಮೃದು, ಬಣ್ಣ ಹೆಚ್ಚುಕಮ್ಮಿ ದಂತದ ಹಾಗೆ. ಚೆನ್ನಾಗಿ ಒಣಗಿದ ಮೇಲೆ ತುಂಡು ಮಾಡಿ ಲೇತಿಗೆ ಸಿಕ್ಕಿಸುತ್ತಾರೆ. ತಿರುಗುತ್ತಿರುವಾಗ ಉಳಿ ಹಿಡಿದು ರೂಪ ಕೊಡುತ್ತಾರೆ. ಬಣ್ಣ ಬರುವುದು ಅರಗಿನಿಂದ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬೆಂಕಿ ಬೇಡ, ಬ್ರಷ್ ಬೇಡ. ಕೊನೆಗೆ ತಾಳೆ ಗರಿಯ ತುಂಡನ್ನು ಒತ್ತಿ ಹಿಡಿದರೆ ಬಣ್ಣ ಸಮವಾಗಿ ಹರಡಿ ಹೊಳಪು ಬರುತ್ತದೆ. ಚಾಚಾ ಇದನ್ನು ಮಾಡಿ ತೋರಿಸುತ್ತಿದ್ದಾಗ ನಮ್ಮ ಚುಕ್ಕಿ ಗೆಳತಿ ಅಲ್ಲೇ ನೆಲದ ಮೇಲೆ ಕೂತು ಹೊಸ ಚೀಟಿ ಬರೆದಳು. ಬರಿಯ ಮರ, ಅರಗಿನ ಕಡ್ಡಿ ತಾಗುವ ಕ್ಷಣ, ಹಳದಿ ಹರಡುವುದು, ತಾಳೆ ಗರಿ, ಹೊಳಪು. ಐದು ಶಾಟ್, ಎರಡು ಚೌಕ, ಹತ್ತು ಸೆಕೆಂಡ್. ಪಲ್ಲವಿಯಲ್ಲಿ 'ಬಣ್ಣ' ಅನ್ನುವ ಮಾತು ಬರುವ ಏಟಿಗೆ ಸರಿಯಾಗಿ ಅರಗು ಮರಕ್ಕೆ ತಾಗುತ್ತದೆ. ಅದು ಕಾಕತಾಳೀಯ ಅಂತ ಕೆಲವರು ಅಂದುಕೊಂಡಿದ್ದಾರೆ. ಖಂಡಿತ ಇಲ್ಲ. ಆ ಏಟನ್ನು ಗೋಡೆ ಮೇಲೆ ಗುರುತು ಹಾಕಿ, ಚಾಚಾ ಅವರಿಗೆ ಹಾಡು ಕೇಳಿಸಿ, ಅವರು ತಲೆಯಾಡಿಸುತ್ತಾ ಕಾದು, ಸರಿಯಾದ ಹೊತ್ತಿಗೆ ಕಡ್ಡಿ ಒತ್ತಿದ್ದು.

ಚಾಚಾ, ನಿಮ್ಮ ಕೆಲಸದ ಹೊತ್ತನ್ನು ನಮಗೆ ಕೊಟ್ಟಿರಿ. ಅಷ್ಟು ಹೊತ್ತಿನ ಕೂಲಿ ಕೊಡುತ್ತೇವೆ ಅಂದರೆ ಬೈದಿರಿ. ಸೊಸೆಯ ಕೈಲಿ ಎಲ್ಲರಿಗೂ ಚಾ ಮಾಡಿಸಿ ಕುಡಿಸಿದಿರಿ. ನಮ್ಮ ಮೇಲೆ ನಿಮಗೆ ಇಷ್ಟು ಪ್ರೀತಿ ಯಾಕೋ ಗೊತ್ತಿಲ್ಲ. ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತೇವೆ.

ಮದುವೆ ವಿಡಿಯೋ ಮಾಡುವ ನಮ್ಮ ಸೀನಿಯರ್ ಅಣ್ಣ ಟ್ರೈಪಾಡ್ ಕೊಟ್ಟರು, ಅದಕ್ಕಿಂತ ಹೆಚ್ಚಾಗಿ ಗೋಡೆ ಮುಂದೆ ಒಂದು ಮಧ್ಯಾಹ್ನ ಪೂರ್ತಿ ನಿಂತರು. ಹುಡುಗಿ ಒಂದು ಚೌಕದಲ್ಲಿ ಎಡದಿಂದ ಬಲಕ್ಕೆ ನಡೆದರೆ ಮುಂದಿನ ಚೌಕದಲ್ಲೂ ಹಾಗೇ ನಡೆಯಬೇಕು, ಇಲ್ಲದಿದ್ದರೆ ವಾಪಸ್ ಬರುತ್ತಿದ್ದಾಳೆ ಅಂತ ನೋಡುವವರು ಅಂದುಕೊಳ್ಳುತ್ತಾರೆ ಅಂತ ತೋರಿಸಿ ಬಾಣಗಳನ್ನು ಸರಿ ಮಾಡಿಸಿದರು. ಕಾರ್ಖಾನೆಯ ಟ್ಯೂಬ್‌ಲೈಟ್ ವಿಡಿಯೋದಲ್ಲಿ ಮಿಣುಕಬಾರದು ಅಂದರೆ ಕ್ಯಾಮೆರಾದ ಶಟರ್ ಸೆಕೆಂಡಿನ 1/50 ಅಥವಾ 1/100ಕ್ಕೆ ಇಡಿ, ನಮ್ಮ ಕರೆಂಟ್ 50 ಹರ್ಟ್ಸ್ ಅಂದರು. ಹಳೇ ರಸ್ತೆಯಲ್ಲಿ ನಿಧಾನವಾಗಿ ನಡೆಯುತ್ತಾ ಹಾಡುವ ಶಾಟ್ ಹೇಗೆ ಮಾಡಿದಿರಿ ಅಂತ ಬಹಳ ಜನ ಕೇಳಿದ್ದೀರಿ. ಅದೂ ಅವರ ಉಪಾಯ. ಸೆಕೆಂಡಿಗೆ 50 ಫ್ರೇಮಿನಲ್ಲಿ, ಅಂದರೆ 50 ಬಿಡಿ ಚಿತ್ರಗಳಾಗಿ ತೆಗೆಯಬೇಕು, ಸ್ಪೀಕರಿನಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಬೇಕು, ಹಾಡುವವಳು ಆ ವೇಗಕ್ಕೇ ತುಟಿ ಆಡಿಸಬೇಕು. ಆಮೇಲೆ 25 ಫ್ರೇಮಿನಲ್ಲಿ ಓಡಿಸಿದರೆ ನಡಿಗೆ ನಿಧಾನ, ತುಟಿ ಮಾತ್ರ ಹಾಡಿಗೆ ಸರಿ. ನಮ್ಮ ಗಾಯಕಿ ಅದನ್ನು ಮನೆಯಲ್ಲಿ ಕನ್ನಡಿ ಮುಂದೆ ಅಭ್ಯಾಸ ಮಾಡಿಕೊಂಡೇ ಬಂದಿದ್ದಳು. ಅವಳ ಶ್ರದ್ಧೆಗೆ ನಾನು ತಲೆಬಾಗುತ್ತೇನೆ.

ಶೂಟಿಂಗಿಗೆ ಮೊದಲು ಚೀಟಿಗಳ ಫೋಟೋ ತೆಗೆದು, ಮೊಬೈಲಿನಲ್ಲೇ ಹಾಡಿನ ಮೇಲೆ ಜೋಡಿಸಿ ನೋಡಿದೆವು. ಮದ್ದೂರಿನಿಂದ ರೈಲಿನಲ್ಲಿ ಬರುವ ಗೆಳತಿ ಅದನ್ನು ದಾರಿಯಲ್ಲಿ ಮತ್ತೆ ಮತ್ತೆ ನೋಡಿ ಒಂದು ವಿಷಯ ಹಿಡಿದಳು. ಎರಡನೇ ಚರಣದಲ್ಲಿ ಬರೀ ಕೈಗಳಿವೆ, ಆ ಕೈ ಯಾರದು ಅಂತ ತೋರಿಸಿಲ್ಲ. ಚಾಚಾ ಅವರ ಮುಖ, ಅವರ ಸೊಸೆಯ ಮುಖ, ಇಡೀ ಕಾರ್ಖಾನೆ ಕಾಣುವ ವೈಡ್ ಶಾಟ್ ಬಂದಿದ್ದು ಅವಳ ಆ ಮಾತಿನಿಂದ.

ಶೂಟಿಂಗ್ ನಡುವೆ ಕರೆಂಟ್ ಹೋಯಿತು. ಲೇತ್ ನಿಂತಿತು. ಯಾರೂ ಗಾಬರಿಯಾಗಲಿಲ್ಲ, ಏಕೆಂದರೆ ಯಾವ ಚೌಕಕ್ಕೆ ಲೇತ್ ಬೇಕು, ಯಾವುದಕ್ಕೆ ಬೇಡ ಅಂತ ಇಡೀ ಗುಂಪಿಗೆ ಬಾಯಿಪಾಠವಾಗಿತ್ತು. ಒಣಗಲು ಹಾಕಿದ ಮರ, ಕಿಟಕಿ ಬೆಳಕಿನಲ್ಲಿ ಅರಗಿನ ಕಡ್ಡಿಗಳು, ಬುಟ್ಟಿಯಲ್ಲಿ ಬಣ್ಣವಿಲ್ಲದ ಗೊಂಬೆಗಳು, ಇವನ್ನೆಲ್ಲ ಆ ಹೊತ್ತಿನಲ್ಲಿ ತೆಗೆದೆವು. ನಾನು ಒಬ್ಬರಿಗೂ ಏನೂ ಹೇಳಬೇಕಾಗಿ ಬರಲಿಲ್ಲ. ಆ ಚೀಟಿಗಳೆಲ್ಲ ಅವರವೇ.

ಅಂಗಡಿಯ ಅಕ್ಕನಿಗೆ, ಮಕ್ಕಳನ್ನು ಕತ್ತಲಾಗುವವರೆಗೂ ನಮ್ಮ ಜೊತೆ ಬಿಟ್ಟ ಅಪ್ಪ ಅಮ್ಮಂದಿರಿಗೆ, ಭಾನುವಾರವೂ ಬಾಗಿಲು ತೆಗೆದುಕೊಟ್ಟ ನಮ್ಮ ಕಾಲೇಜಿನ ಅಟೆಂಡರ್ ಅಣ್ಣನಿಗೆ ತುಂಬು ಮನಸ್ಸಿನ ಧನ್ಯವಾದ. ಅಕ್ಕ, ಆ ಶಾಟಿಗೆ ನೀವು ಇಟ್ಟ ಗೊಂಬೆಗಳನ್ನು ಕೊಂಡುಕೊಳ್ಳುತ್ತೇವೆ ಅಂತ ಕಾರ್ಯಕ್ರಮಕ್ಕೆ ಬಂದಿದ್ದ ಇಬ್ಬರು ಮೇಷ್ಟರು ವಿಳಾಸ ಕೇಳಿದ್ದಾರೆ, ಕಳಿಸಿಕೊಟ್ಟಿದ್ದೇವೆ.

ಜೂನಿಯರ್‌ಗಳಿಗೆ ಒಂದು ಮಾತು. ಚಾರ್ಟ್‌ಗಳನ್ನೆಲ್ಲ ಸುತ್ತಿ ವಿಭಾಗದ ಕಪಾಟಿನಲ್ಲಿ ಇಟ್ಟಿದ್ದೇವೆ, ಚೀಟಿಗಳು ಹಾಗೇ ಇವೆ. ಗೋಡೆ ಖಾಲಿ ಇದೆ. ನಿಮ್ಮ ಹಾಡು ಸಿದ್ಧವಾದಾಗ ಮೇಡಂಗೆ ಹೇಳಿ ತೆಗೆದುಕೊಳ್ಳಿ. ಚೌಕ ಗೀಟು ಹಾಕಲು ನಮ್ಮಲ್ಲಿ ಯಾರನ್ನು ಕರೆದರೂ ಬರುತ್ತೇವೆ. ಲಯ ಎಣಿಸಲು ಮಾತ್ರ ತಮಟೆ ಹುಡುಗನನ್ನೇ ಕರೆಯಿರಿ, ಅವನು ಆಗಲೇ ಒಪ್ಪಿಕೊಂಡಿದ್ದಾನೆ.