ಗೆಳೆಯನಿಗೊಂದು ಪತ್ರ: ನೋಡದವರು ಕೊಟ್ಟ ಹಣ

ಪೆರ್ಲ, ಕಾಸರಗೋಡು ಜಿಲ್ಲೆ

ಪ್ರಿಯ ಗೆಳೆಯಾ,

ನಿನ್ನ ಪತ್ರ ತಲುಪಿತು. ಅಮೆರಿಕದ ಆಟದ ಚಾನೆಲ್ ಇಎಸ್‌ಪಿಎನ್ ಸಂಸ್ಥೆಯು ಮತ್ತೆ ಮತ್ತೆ ನೌಕರರನ್ನು ಮನೆಗೆ ಕಳುಹಿಸಿದ ಸುದ್ದಿ ಓದಿ, ಆಟದ ಹುಚ್ಚು ಎಲ್ಲೆಡೆ ಏರುತ್ತಲೇ ಇರುವಾಗ ಆಟವನ್ನೇ ತೋರಿಸುವವರಿಗೆ ಈ ಗತಿ ಏಕೆ ಎಂದು ಕೇಳಿದ್ದೀಯೆ. ನಾನು ಅಮೆರಿಕ ಕಂಡವನಲ್ಲ. ಆದರೆ ಇಪ್ಪತ್ತು ವರ್ಷ ಅಡಿಕೆ ಮರದಿಂದ ಅಡಿಕೆ ಮರಕ್ಕೆ ಕೇಬಲ್ ಎಳೆದು, ತಿಂಗಳ ಮೊದಲ ವಾರ ರಶೀದಿ ಪುಸ್ತಕ ಹಿಡಿದು ಗುಡ್ಡ ಹತ್ತಿ ಇಳಿದವನಾದ್ದರಿಂದ ಈ ರೋಗದ ಬೇರು ಎಲ್ಲಿದೆಯೆಂದು ಬಲ್ಲೆ.

ಕಾಟುಕುಕ್ಕೆಯ ದಾರಿಯಲ್ಲಿ ಒಂದು ಮನೆಯಿದೆ. ಅಲ್ಲಿಯ ಅಜ್ಜಿ ಸಂಜೆಯ ಧಾರಾವಾಹಿಯನ್ನೂ, ಸಿಕ್ಕಿದರೆ ಯಕ್ಷಗಾನವನ್ನೂ ಬಿಟ್ಟು ಬೇರೇನನ್ನೂ ನೋಡಿದವರಲ್ಲ. ಆದರೂ ಅವರು ತಿಂಗಳು ತಿಂಗಳು ಸೆರಗಿನ ಗಂಟು ಬಿಚ್ಚಿ ಕೊಡುತ್ತಿದ್ದ ಹಣದಲ್ಲಿ ಆಟದ ಚಾನೆಲ್‌ಗಳ ಪಾಲೂ ಇತ್ತು. ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಲ್ಲ ಚಾನೆಲ್‌ಗಳನ್ನು ಒಂದೇ ಕಟ್ಟು ಕಟ್ಟಿ ಮಾರುವ ವ್ಯಾಪಾರದ ಗುಟ್ಟೇ ಅದು.

1979ರಲ್ಲಿ ಕನೆಕ್ಟಿಕಟ್ ರಾಜ್ಯದ ಬ್ರಿಸ್ಟಲ್ ಎಂಬ ಊರಿನಲ್ಲಿ ಹುಟ್ಟಿದ ಇಎಸ್‌ಪಿಎನ್ ಬೆಳೆದು ದೊಡ್ಡದಾದದ್ದು ಇಂಥ ಅಜ್ಜಿಯರ ದುಡ್ಡಿನಿಂದಲೇ. ಜಾಹೀರಾತಿನ ಹಣ ಬರುತ್ತಿತ್ತು ನಿಜ, ಆದರೆ ದೊಡ್ಡ ಪಾಲು ಬರುತ್ತಿದ್ದದ್ದು ಕೇಬಲ್ ಇರುವ ಪ್ರತಿಯೊಂದು ಮನೆಯಿಂದ, ನೋಡಲಿ ಬಿಡಲಿ, ತಿಂಗಳಿಗೆ ಇಷ್ಟೆಂದು ವಸೂಲಾಗುವ ಶುಲ್ಕದಿಂದ. 2017ರ ಹೊತ್ತಿಗೆ ಅದು ಮನೆಗೆ ಸುಮಾರು 7 ಡಾಲರ್ ಆಗಿತ್ತು. ಅಲ್ಲಿಯ ಕೇಬಲ್ ಚಾನೆಲ್‌ಗಳಲ್ಲೆಲ್ಲ ಅದೇ ದುಬಾರಿ. 2011ರಲ್ಲಿ ಸುಮಾರು 10 ಕೋಟಿ ಮನೆಗಳಿಗೆ ತಲುಪುತ್ತಿದ್ದ ಚಾನೆಲ್ 2017ರಲ್ಲಿ 8.8 ಕೋಟಿಯ ಆಸುಪಾಸಿಗೆ ಇಳಿಯಿತು, ಆಮೇಲೆ ಏಳೂವರೆ ಕೋಟಿಗಿಂತಲೂ ಕೆಳಗೆ ಹೋಯಿತು. ಕಳೆದುಹೋದ 1.2 ಕೋಟಿ ಮನೆಗಳನ್ನು 7 ಡಾಲರಿನಿಂದಲೂ ಹನ್ನೆರಡು ತಿಂಗಳಿನಿಂದಲೂ ಗುಣಿಸಿ ನೋಡು: ವರ್ಷಕ್ಕೆ ನೂರು ಕೋಟಿ ಡಾಲರ್. ಹೀಗೆ ಕೇಬಲ್ ಕಳಚಿದವರಲ್ಲಿ ಆಟ ಬೇಸರವಾಗಿ ಹೋದವರು ಎಷ್ಟು ಮಂದಿ ಇದ್ದಾರು? ನೆಟ್‌ಫ್ಲಿಕ್ಸ್‌ನಂಥವು ಅಗ್ಗವಾಗಿ ಸಿಕ್ಕಿದ ಮೇಲೆ, ಆಟದ ಗೊಡವೆಯೇ ಇಲ್ಲದವರಿಗೆ ಅಷ್ಟು ದೊಡ್ಡ ಕಟ್ಟು ಏಕೆ ಬೇಕು?

ಚಾನೆಲ್‌ನವರು ರಾಜಕೀಯ ಮಾತಾಡತೊಡಗಿದ್ದರಿಂದ ಜನ ಬಿಟ್ಟರು ಎಂದು ಅಲ್ಲಿ ಒಂದು ವಾದವಿದೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಮನೆಗೆ ಬರುವ ಕೇಬಲನ್ನೇ ಕತ್ತರಿಸಿದಾಗ ಅಡುಗೆ ತೋರಿಸುವ ಚಾನೆಲ್ಲೂ ಮನೆಗಳನ್ನು ಕಳೆದುಕೊಂಡಿತಲ್ಲ, ಅದು ಯಾವ ರಾಜಕೀಯ ಮಾತಾಡಿತ್ತು?

ಇನ್ನು ಖರ್ಚಿನ ಮಾತು. ಪ್ರಸಾರದ ಹಕ್ಕೆಂದರೆ ಹತ್ತು ವರ್ಷದ ಗೇಣಿಗೆ ಮೊದಲೇ ಸಹಿ ಹಾಕಿದಂತೆ. ಬೆಳೆ ಕೈಕೊಟ್ಟರೂ ಗೇಣಿ ತಪ್ಪುವುದಿಲ್ಲ. ಅಮೆರಿಕನ್ ಫುಟ್‌ಬಾಲಿನ ಸೋಮವಾರದ ಪಂದ್ಯಗಳಿಗೇ ವರ್ಷಕ್ಕೆ ಸುಮಾರು 190 ಕೋಟಿ ಡಾಲರ್ ಕೊಡುವುದಾಗಿ ಅವರು 2011ರಲ್ಲಿ ಒಪ್ಪಿದ್ದರು. 2014ರಲ್ಲಿ ಟರ್ನರ್ ಎಂಬ ಇನ್ನೊಂದು ಟಿವಿ ಸಂಸ್ಥೆಯೊಡನೆ ಸೇರಿ ಎನ್‌ಬಿಎ ಬಾಸ್ಕೆಟ್‌ಬಾಲಿಗೆ ಒಂಬತ್ತು ವರ್ಷಕ್ಕೆ 2,400 ಕೋಟಿ ಡಾಲರ್ ಒಪ್ಪಿದರು. ಈ ಹಣದಲ್ಲಿ ಒಂದು ಕಾಸನ್ನೂ ಕಡಿಮೆ ಮಾಡುವಂತಿಲ್ಲ. ಹಾಗಾದರೆ ಕಡಿಮೆ ಮಾಡುವುದು ಯಾವುದನ್ನು? ಸಂಬಳವನ್ನು. 2015ರಲ್ಲಿ ಸುಮಾರು 300 ಮಂದಿ ಹೋದರು. 2017ರ ಏಪ್ರಿಲಿನಲ್ಲಿ ತೆರೆಯ ಮೇಲೆ ಕಾಣುವವರೂ ಬರೆಯುವವರೂ ಸೇರಿ ನೂರರಷ್ಟು, ಅದೇ ನವೆಂಬರಿನಲ್ಲಿ ಇನ್ನೂ 150. 2020ರಲ್ಲಿ ಮತ್ತೆ 300, ಜೊತೆಗೆ ಖಾಲಿಯಿದ್ದ 200 ಹುದ್ದೆಗಳೂ ರದ್ದು. ಪಂದ್ಯಗಳ ತುಣುಕು ತೋರಿಸಿ ವಿವರಿಸುವ ಅವರ ರಾತ್ರಿಯ ಸ್ಪೋರ್ಟ್ಸ್‌ಸೆಂಟರ್ ಕಾರ್ಯಕ್ರಮಕ್ಕಾಗಿ ಜನ ಕಾದು ಕೂರುತ್ತಿದ್ದ ಕಾಲವೂ ಮುಗಿದಿತ್ತು. ಪಂದ್ಯದ ತುಣುಕು ಆ ಕ್ಷಣವೇ ಫೋನಿಗೆ ಬಂದುಬೀಳುವಾಗ ಅದನ್ನು ವಿವರಿಸುವವನಿಗಾಗಿ ಯಾರು ಕಾಯುತ್ತಾರೆ?

ನಮ್ಮಲ್ಲಿ ಕಟ್ಟು ಬಿಚ್ಚಿದ್ದು 2019ರ ಫೆಬ್ರವರಿಯಲ್ಲಿ. ತೆರಿಗೆ ಬಿಟ್ಟು 130 ರೂಪಾಯಿಗೆ ನೂರು ಚಾನೆಲ್, ಹಣ ಕೊಟ್ಟು ನೋಡುವ ಚಾನೆಲ್‌ಗಳನ್ನು ಬೇಕಾದರೆ ಒಂದೊಂದಾಗಿ ಆರಿಸಿಕೊಳ್ಳಬಹುದು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಿಯಮ ತಂದಾಗ, ಯಾವುದಕ್ಕೆ ಎಷ್ಟು ಎಂಬುದನ್ನು ನಮ್ಮವರು ಮೊದಲ ಬಾರಿಗೆ ಕಂಡರು. ನಮ್ಮ ಗಡಿನಾಡಿನ ಪಾಡು ನಿನಗೆ ಗೊತ್ತಲ್ಲ, ಇಲ್ಲಿಯ ಕಟ್ಟಿನಲ್ಲಿ ಮಲಯಾಳದ್ದೇ ತುಂಬಿರುತ್ತದೆ. ಕನ್ನಡ ಚಾನೆಲ್‌ಗಳನ್ನು ಬೇರೆ ಹಣ ಕೊಟ್ಟು ಸೇರಿಸಿಕೊಳ್ಳಬೇಕು. ಹಾಗಾಗಿ ಕತ್ತರಿ ಮೊದಲು ಬಿದ್ದದ್ದು ಆಟದ ಚಾನೆಲ್ ಮೇಲೆ. ಐಪಿಎಲ್ ಶುರುವಾಗುವಾಗ "ಅದೊಂದು ಹಾಕಿಬಿಡಿ" ಎಂದು ಫೋನ್ ಮಾಡುವವರು, ಮಳೆಗಾಲ ಹಿಡಿಯುವ ಹೊತ್ತಿಗೆ ಮರೆಯದೆ ತೆಗೆಸುತ್ತಿದ್ದರು.

2023ರಿಂದ 2027ರವರೆಗಿನ ಐಪಿಎಲ್ ಹಕ್ಕುಗಳು 48,390 ಕೋಟಿ ರೂಪಾಯಿಗೆ ಹರಾಜಾದವು. ಟಿವಿಯ ಹಕ್ಕೊಂದಕ್ಕೇ 23,575 ಕೋಟಿ ಕೊಟ್ಟವರು ಪಂದ್ಯ ತೋರಿಸಿದ ಮೊದಲ ವರ್ಷವೇ ಅದೇ ಪಂದ್ಯಗಳು ಜಿಯೋಸಿನಿಮಾದಲ್ಲಿ ಪುಕ್ಕಟೆಯಾಗಿ ಬಂದವು. ಆಗ ನಾನು ಕಂಡ ವಿಚಿತ್ರವೆಂದರೆ, ಬ್ಯಾಟು ಚೆಂಡು ಅರಿಯದ ಅಜ್ಜಿ ಅಷ್ಟು ವರ್ಷ ಹಣ ಕಟ್ಟಿದ್ದರು. ಒಂದು ಎಸೆತವನ್ನೂ ಬಿಡದ ಅವರ ಮೊಮ್ಮಗ ಜಗಲಿಯಲ್ಲಿ ಫೋನ್ ಹಿಡಿದು ಒಂದು ಬಿಡಿಕಾಸೂ ಕೊಡದೆ ನೋಡುತ್ತಿದ್ದ.

ಇಎಸ್‌ಪಿಎನ್ ಕೂಡ 2025ರ ಆಗಸ್ಟಿನಿಂದ ಕೇಬಲ್‌ನ ಹಂಗಿಲ್ಲದೆ ನೇರವಾಗಿ ನೋಡುಗರಿಗೇ ಮಾರತೊಡಗಿದೆ. ತಿಂಗಳಿಗೆ 29.99 ಡಾಲರ್. ನೋಡದವರ ಪಾಲನ್ನೂ ಈಗ ನೋಡುವವರೇ ಹೊರಬೇಕು ಎಂಬುದು ಆ ಬೆಲೆಯಲ್ಲೇ ಕಾಣುತ್ತದೆ. ಅಷ್ಟು ಕೊಡುವ ಅಭಿಮಾನಿಗಳು ಆಟದ ಋತು ಮುಗಿದ ಮೇಲೂ ಚಂದಾ ಉಳಿಸಿಕೊಳ್ಳುತ್ತಾರೆ ಎಂಬ ಭರವಸೆ ನನಗಿಲ್ಲ, ನಮ್ಮ ಗಿರಾಕಿಗಳನ್ನು ಕಂಡವನು ನಾನು.

ಇಷ್ಟೆಲ್ಲ ಬರೆದವನು ನನ್ನ ಮಾತನ್ನೂ ಹೇಳಿಬಿಡಬೇಕು. ಸಿಗ್ನಲ್ ಕೊಡುವ ಮೇಲಿನವರಿಗೆ ನಾನು ಕಟ್ಟುವ ಹಣ ಇಳಿಯಲಿಲ್ಲ, ಕಂಬದ ಬಾಡಿಗೆ ಇಳಿಯಲಿಲ್ಲ, ಸಿಡಿಲಿಗೆ ಸುಟ್ಟ ಆಂಪ್ಲಿಫೈಯರಿನ ಬೆಲೆಯೂ ಇಳಿಯಲಿಲ್ಲ. ನನ್ನೊಡನೆ ಲೈನ್ ನೋಡುತ್ತಿದ್ದ ಇಬ್ಬರು ಹುಡುಗರಲ್ಲಿ ಒಬ್ಬನನ್ನು ಕಳೆದ ಚೌತಿಯ ನಂತರ ಬಿಡಿಸಿದೆ. ಅವನು ಈಗ ಇಂಟರ್ನೆಟ್ಟಿನ ಫೈಬರ್ ಎಳೆಯುವ ಕೆಲಸಕ್ಕೆ ಹೋಗುತ್ತಾನೆ. ಮೊನ್ನೆ ಅಜ್ಜಿಯ ಮನೆಗೂ ಅವನೇ ಎಳೆದುಕೊಟ್ಟನಂತೆ, ನನ್ನ ಕೇಬಲ್ ಹಾದುಹೋದ ಅದೇ ಅಡಿಕೆ ಮರಗಳ ಮೇಲಿನಿಂದ.

ಇಂತು ನಿನ್ನ,
ಹಳೆಯ ಗೆಳೆಯ