ಐನೂರು ಭಾನುವಾರಗಳ ಋಣ

ಆತ್ಮೀಯ ಸಹಸವಾರರೇ,

ಕಳೆದ ಭಾನುವಾರ ನಮ್ಮ ಸೈಕಲ್ ಬಳಗದ 500ನೆಯ ಸವಾರಿ ಮುಗಿಯಿತು. ಅಂದು ಹೊರಟವರು 41 ಮಂದಿ. ಮೊದಲ ಗುಂಪು ಹಿಂತಿರುಗಿ ಬಂದು, ಹೆಲ್ಮೆಟ್ ಕಳಚಿ, ಒಬ್ಬರಿಗೊಬ್ಬರು ಅಭಿನಂದನೆ ಹೇಳಿಕೊಂಡಾದ ಮೇಲೂ ಹಾಜರಿ ಪುಸ್ತಕದಲ್ಲಿ ಎರಡು ಹೆಸರುಗಳ ಎದುರು ಗುರುತು ಬಿದ್ದಿರಲಿಲ್ಲ. ಇಪ್ಪತ್ತಾರು ನಿಮಿಷಗಳ ಬಳಿಕ ರಸ್ತೆಯ ತಿರುವಿನಲ್ಲಿ ಆ ಇಬ್ಬರು ಕಾಣಿಸಿಕೊಂಡರು. ಮುಂದೆ, ಅಂದೇ ಮೊದಲ ಬಾರಿಗೆ ನಮ್ಮೊಡನೆ ಹೊರಟಿದ್ದ ಹೆಣ್ಣುಮಗಳೊಬ್ಬರು. ಅವರ ಹಿಂದೆ ಎರಡು ಸೈಕಲ್ಲಿನಷ್ಟು ಅಂತರ ಬಿಟ್ಟು, ಆ ದಿನ ಸ್ವೀಪ್ ಹೊಣೆ ಹೊತ್ತಿದ್ದ ನಮ್ಮ ಹಿರಿಯ ಸದಸ್ಯರು. ಅವರಿಬ್ಬರ ಹೆಸರಿನೆದುರು ಗುರುತು ಹಾಕಿದ ಮೇಲೆಯೇ ಸವಾರಿ ಮುಗಿಯಿತೆಂದು ಘೋಷಿಸಿದೆವು. ಹನ್ನೊಂದು ವರ್ಷಗಳಿಂದ ಈ ಕ್ರಮ ಒಮ್ಮೆಯೂ ತಪ್ಪಿಲ್ಲ. ಅದು ತಪ್ಪದಂತೆ ನೋಡಿಕೊಂಡವರಿಗೆ ಎಲ್ಲರೆದುರು ಕೃತಜ್ಞತೆ ಹೇಳುವುದು ಸಂಚಾಲಕನಾದ ನನ್ನ ಮೇಲೆ ಬಹುಕಾಲದಿಂದ ಉಳಿದಿರುವ ಋಣ. ತಮ್ಮ ಹೆಸರನ್ನು ಬರೆಯಬಾರದೆಂದು ಅವರಲ್ಲಿ ಹಲವರು ಕೇಳಿಕೊಂಡಿರುವುದರಿಂದ, ಮಾಡಿದ ಕೆಲಸದಿಂದಲೇ ಅವರನ್ನು ಗುರುತಿಸುತ್ತೇನೆ. ಜೊತೆಯಲ್ಲಿ ಸವಾರಿ ಮಾಡಿದ ನಿಮಗೆ ಓದಿದ ಕೂಡಲೇ ಯಾರೆಂದು ತಿಳಿಯುತ್ತದೆ.

ಮೊದಲ ವಂದನೆ ಸ್ವೀಪ್ ಹೊಣೆ ಹೊತ್ತವರಿಗೆ. ಹೊಸಬರಿಗಾಗಿ ಒಂದು ಮಾತು: ಸ್ವೀಪ್ ಎಂದರೆ ಗುಂಪಿನ ಕಟ್ಟಕಡೆಯ ಸವಾರ. ತನ್ನ ಹಿಂದೆ ಯಾರನ್ನೂ ಬಿಟ್ಟು ಬರಬಾರದೆಂಬುದೊಂದೇ ಆ ಹೊಣೆಯ ನಿಯಮ. ಕೇಳುವುದಕ್ಕೆ ಸರಳವಾಗಿರುವ ಈ ಕೆಲಸ ಎಷ್ಟು ಕಠಿಣವೆಂಬುದನ್ನು ಅರಿಯಲು ಸವಾರಿಯ ಲೆಕ್ಕವನ್ನು ಸ್ವಲ್ಪ ನೋಡಬೇಕು. ವೇಗ ಇಮ್ಮಡಿಯಾದರೆ ಗಾಳಿಯ ಪ್ರತಿರೋಧ ನಾಲ್ಕು ಪಟ್ಟಾಗುತ್ತದೆ, ಅದನ್ನು ಎದುರಿಸಲು ಕಾಲುಗಳು ಒದಗಿಸಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿರುವವರು 25 ಕಿ.ಮೀ.ಗೆ ಏರಬೇಕಾದರೆ ಗಾಳಿಯೊಂದಕ್ಕೇ ತೆರಬೇಕಾದ ಶಕ್ತಿ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಮುಂದಿರುವ ಬಲಶಾಲಿಗಳು ಮಾತಿನ ಭರದಲ್ಲಿ ಏರಿಸಿಬಿಡುವ ಆ ಐದು ಕಿಲೋಮೀಟರುಗಳ ವೇಗವು ಹಿಂದಿರುವವರ ಉಸಿರನ್ನೇ ಕಸಿಯುತ್ತದೆ. ಇನ್ನೊಬ್ಬರ ಬೆನ್ನ ಹಿಂದೆ ಸಾಗುವಾಗ ಸಿಗುವ ಮರೆ ಒಮ್ಮೆ ಕೈತಪ್ಪಿದರೆ, ಅದಾಗಲೇ ದಣಿದವರು ಇಡೀ ಗಾಳಿಯನ್ನು ಒಂಟಿಯಾಗಿ ಎದುರಿಸಬೇಕಾಗುತ್ತದೆ. ಗುಂಪಿನಿಂದ ಹಿಂದೆ ಬಿದ್ದವರು ಮತ್ತಷ್ಟು ಹಿಂದೆ ಬೀಳುವುದು ಈ ಕಾರಣದಿಂದಲೇ. ನಮ್ಮ ಸ್ವೀಪ್‌ಗಳು ಇದನ್ನು ಪುಸ್ತಕ ಓದಿ ಕಲಿತವರಲ್ಲ. ಏರುದಾರಿಯಲ್ಲಿ ದಣಿದವರ ಹಿಂದೆ ಉಳಿಯಬೇಕು, ಎದುರುಗಾಳಿಯಲ್ಲಿ ಅವರ ಮುಂದೆ ಬರಬೇಕು ಎಂಬ ಸೂಕ್ಷ್ಮವನ್ನು ಅವರು ನೂರಾರು ಬೆಳಗುಗಳಲ್ಲಿ ರೂಢಿಸಿಕೊಂಡರು. ತಮಗೆ ಇಷ್ಟವಾದ ವೇಗದಲ್ಲಿ ಹೋಗುವ ಸುಖವನ್ನು ಆ ಬೆಳಗುಗಳಲ್ಲೆಲ್ಲ ಅವರು ಬಿಟ್ಟುಕೊಟ್ಟಿದ್ದಾರೆ. ಸೈಕಲ್ಲನ್ನು ಪ್ರೀತಿಸುವವರಿಗೆ ಅದು ಎಷ್ಟು ದೊಡ್ಡ ತ್ಯಾಗವೆಂದು ನಾನು ಬಲ್ಲೆ.

ನಮ್ಮ ಮೊದಲ ಸ್ವೀಪ್ ಆಗಿದ್ದ ಹಿರಿಯರೇ ಆಡಾಕ್ಸ್ ಪದ್ಧತಿಯ ಕುರಿತು ನಮಗೆ ತಿಳಿಸಿಕೊಟ್ಟವರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನಲ್ಲಿ ಬೇರೂರಿದ ಆ ಸವಾರಿಗಳಲ್ಲಿ ಮುಂದಾಳುಗಳು ಗಂಟೆಗೆ 22.5 ಕಿ.ಮೀ.ಯ ಸಮವೇಗವನ್ನು ಕಾಯ್ದುಕೊಂಡು, ಗುಂಪು ಒಡೆಯದಂತೆ ಎಲ್ಲರನ್ನೂ ಒಟ್ಟಿಗೆ ಕರೆದೊಯ್ಯುತ್ತಾರೆ. ನಾವು ಇಟ್ಟುಕೊಂಡ ವೇಗ ಅದಕ್ಕಿಂತ ಕಡಿಮೆ. ಆದರೆ ವೇಗವನ್ನು ಮೊದಲೇ ತಿಳಿಸಿ ಹೊರಡುವ ಕ್ರಮ ಅಲ್ಲಿಂದಲೇ ಬಂತು, ಹೊಸಬರ ಅಂಜಿಕೆಯನ್ನು ಅದರಷ್ಟು ಕಳೆದದ್ದು ಬೇರೊಂದಿಲ್ಲ.

ಎರಡನೆಯ ಋಣ, ಪ್ರತಿ ಶನಿವಾರ ಸಂಜೆ ಮರುದಿನದ ದಾರಿಯನ್ನು ಒಬ್ಬರೇ ಸವಾರಿ ಮಾಡಿ ನೋಡಿ ಬರುತ್ತಿದ್ದ ಸದಸ್ಯರದು. ಹೊಸದಾಗಿ ಬಿದ್ದ ಹೊಂಡ, ತಿರುವಿನಲ್ಲಿ ಚೆಲ್ಲಿದ ಜಲ್ಲಿ, ಚಕ್ರ ಸಾಗುವ ದಿಕ್ಕಿಗೇ ಸೀಳುಗಳಿದ್ದು ಸಣ್ಣ ಟೈರನ್ನು ಒಳಗೆಳೆದುಕೊಳ್ಳುವಂಥ ಚರಂಡಿಯ ಜಾಲರಿ, ಇವೆಲ್ಲವೂ ರಾತ್ರಿಯೊಳಗೆ ನಮ್ಮ ಕೈಸೇರುತ್ತಿದ್ದ ಅವರ ಟಿಪ್ಪಣಿಯಲ್ಲಿ ಇರುತ್ತಿದ್ದವು. ಅದನ್ನು ಅವರು ಅಲ್ಲಿಗೇ ಬಿಡದೆ, ಸಂಬಂಧಪಟ್ಟ ಕಚೇರಿಗೆ ಬರೆದು, ದುರಸ್ತಿಯಾಗುವ ತನಕ ವಿಚಾರಿಸುತ್ತಿದ್ದರು. 1880ರಲ್ಲಿ ಅಮೆರಿಕದ ಸೈಕಲ್ ಸವಾರರು ಕಟ್ಟಿಕೊಂಡ ಲೀಗ್ ಆಫ್ ಅಮೆರಿಕನ್ ವೀಲ್‌ಮೆನ್ ಸಂಘವು, ಮೋಟಾರು ಕಾರುಗಳು ರಸ್ತೆಗಿಳಿಯುವ ಮುನ್ನವೇ, ಒಳ್ಳೆಯ ರಸ್ತೆಗಳಿಗಾಗಿ ಹೋರಾಟ ನಡೆಸಿತ್ತು. ಆ ಪರಂಪರೆಗೆ ನಮ್ಮ ಈ ಸದಸ್ಯರು ಸೇರಿದವರೆಂದು ನಾನು ಮನಃಪೂರ್ವಕವಾಗಿ ನಂಬುತ್ತೇನೆ, ಏಕೆಂದರೆ ಅವರ ಪತ್ರಗಳಿಂದ ಮುಚ್ಚಿದ ಹೊಂಡಗಳ ಮೇಲೆ ಇಂದು ಎಲ್ಲರೂ ಓಡಾಡುತ್ತಾರೆ.

ರಿಪೇರಿ ಕಲಿಸಿದ ಗುರುಗಳ ಬಗ್ಗೆ ತುಸು ವಿಸ್ತಾರವಾಗಿಯೇ ಬರೆಯಬೇಕು. ಯಾರ ಸೈಕಲ್ ಪಂಕ್ಚರ್ ಆದರೂ ಅವರು ತಾವಾಗಿ ಕೈ ಹಾಕುತ್ತಿರಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಪಕ್ಕದಲ್ಲಿ ನಿಂತು, ಸೈಕಲ್ಲಿನ ಒಡೆಯರಿಂದಲೇ ಎಲ್ಲವನ್ನೂ ಮಾಡಿಸುತ್ತಿದ್ದರು. ಟ್ಯೂಬಿನ ತೂತನ್ನು ಹುಡುಕಿದ ಮೇಲೆ ಅದರ ಸುತ್ತ ಉಪ್ಪು ಕಾಗದದಿಂದ ಉಜ್ಜಬೇಕು, ಸೊಲ್ಯೂಷನ್ ಹಚ್ಚಿ ಅದು ಒಣಗುವ ತನಕ ಕಾಯಬೇಕು, ಅವಸರಪಟ್ಟು ಹಸಿಯ ಮೇಲೆ ಪ್ಯಾಚ್ ಅಂಟಿಸಿದರೆ ಅದು ನಿಲ್ಲುವುದಿಲ್ಲ ಎಂಬುದನ್ನು ಅವರು ನಮ್ಮಲ್ಲಿ ಎಷ್ಟು ಮಂದಿಗೆ ಕಲಿಸಿದರೋ ಲೆಕ್ಕವಿಲ್ಲ. ಟ್ಯೂಬನ್ನು ಮರಳಿ ತೂರಿಸುವ ಮುನ್ನ ಟೈರಿನ ಒಳಮೈಯನ್ನು ಬೆರಳಿನಿಂದ ಮೆಲ್ಲಗೆ ಸವರಿ ನೋಡಬೇಕೆಂದು ಅವರು ಪ್ರತಿ ಬಾರಿಯೂ ಹೇಳುತ್ತಿದ್ದರು. ತೂತು ಮಾಡಿದ ಮುಳ್ಳು ಅಲ್ಲಿಯೇ ಉಳಿದಿದ್ದರೆ ಹತ್ತು ನಿಮಿಷದೊಳಗೆ ಎರಡನೆಯ ಪಂಕ್ಚರ್ ಖಂಡಿತ. ಮಳೆಯಲ್ಲಿ, ಮೂವತ್ತು ಜನ ಕಾಯುತ್ತಿರುವಾಗ, ಹದಿನೈದು ವರ್ಷದ ಹುಡುಗಿಯೊಬ್ಬಳು ಮೊದಲ ಬಾರಿಗೆ ಹಿಂಚಕ್ರವನ್ನು ಬಿಚ್ಚಿ, ಚೈನನ್ನು ಸರಿಸಿ, ಪ್ಯಾಚ್ ಹಾಕಿ ಮತ್ತೆ ಕೂಡಿಸಲು ನಲವತ್ತು ನಿಮಿಷ ತೆಗೆದುಕೊಂಡಾಗ ಅವರು ತೋರಿದ ತಾಳ್ಮೆ ನನಗೆ ಇರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಆ ಹುಡುಗಿಯೇ ಇಂದು ನಮ್ಮ ಬಳಗದ ರಿಪೇರಿ ತರಗತಿಗಳನ್ನು ನಡೆಸುತ್ತಿದ್ದಾರೆ. ಗುರುಗಳು ಎರಡು ವರ್ಷಗಳ ಹಿಂದೆ ನಮ್ಮನ್ನು ಅಗಲಿದರು. ಅವರ ಸಾಮಾನು ಚೀಲವನ್ನು ಅವರ ಮನೆಯವರು ನಮಗೇ ಒಪ್ಪಿಸಿದ್ದಾರೆ, ಅದು ಪ್ರತಿ ಭಾನುವಾರ ನಮ್ಮೊಡನೆ ಬರುತ್ತದೆ.

ನಾಲ್ಕನೆಯ ವರ್ಷದ ಒಂದು ಬೆಳಗನ್ನು ಬಿಟ್ಟುಬಿಟ್ಟರೆ ಈ ಬರಹ ಪ್ರಾಮಾಣಿಕವಾಗುವುದಿಲ್ಲ. ಅಂದು ಗುಂಪಿನ ಮುಂದಿದ್ದವನು ನಾನು. ಇಳಿಜಾರು ಮುಗಿದು ರಸ್ತೆ ಸಮತಟ್ಟಾಗುವ ಕಡೆ ಹೊಂಡವೊಂದನ್ನು ಕಂಡು, ಕೈಸನ್ನೆ ಮಾಡದೆ, ಕೂಗಿಯೂ ಹೇಳದೆ ಬ್ರೇಕ್ ಒತ್ತಿದೆ. ನನ್ನ ಹಿಂದೆ ಮೂರನೆಯವನಾಗಿದ್ದ ಯುವಕನ ಮುಂಚಕ್ರ ಅವನ ಮುಂದಿದ್ದವರ ಹಿಂಚಕ್ರದ ಬದಿಗೆ ತಗುಲಿತು. ಚಕ್ರಕ್ಕೆ ಚಕ್ರ ತಗುಲಿದಾಗ ಬೀಳುವವರು ಸಾಮಾನ್ಯವಾಗಿ ಹಿಂದಿನವರೇ. ಸಮತೋಲನ ಕಾಯುವ ಮುಂಚಕ್ರವನ್ನು ತಿರುಗಿಸಲು ಅವರಿಗೆ ಆಸ್ಪದವೇ ಉಳಿಯುವುದಿಲ್ಲ. ಆತನ ಕಾಲರ್ ಮೂಳೆ ಮುರಿಯಿತು. ಹೆಲ್ಮೆಟ್ಟಿನೊಳಗಿನ ಥರ್ಮೋಕೋಲಿನಂಥ ಪದರ ಕಿವಿಯ ಮೇಲ್ಭಾಗದಲ್ಲಿ ಬಿರುಕುಬಿಟ್ಟಿತ್ತು. ತಲೆಗೆ ಬೀಳಬೇಕಾಗಿದ್ದ ಪೆಟ್ಟು ಅದಕ್ಕೆ ಬಿದ್ದಿತ್ತು.

ಆ ಬಳಿಕ ಆರು ಭಾನುವಾರ ಸವಾರಿ ನಿಲ್ಲಿಸಿದೆ. ಬಳಗವನ್ನು ಮುಚ್ಚುವುದಾಗಿ ಪತ್ರವನ್ನೂ ಬರೆದಿಟ್ಟಿದ್ದೆ. ಏಳನೆಯ ವಾರ ಕರೆದ ಸಭೆಗೆ ಆ ಯುವಕ ಬಲತೋಳನ್ನು ಪಟ್ಟಿಯಲ್ಲಿ ತೂಗುಹಾಕಿಕೊಂಡೇ ಬಂದು, ಎಡಗೈಯಲ್ಲಿ ಬರೆದ ಎರಡು ಹಾಳೆಗಳನ್ನು ಮೇಜಿನ ಮೇಲೆ ಇಟ್ಟ. ಬೀಳುವುದಕ್ಕೆ ಮುಂಚಿನ ಅರ್ಧ ನಿಮಿಷದಲ್ಲಿ ಯಾರು ಎಲ್ಲಿದ್ದರು, ಯಾರು ಏನನ್ನು ನೋಡಬಹುದಾಗಿತ್ತು, ಯಾರು ಏನನ್ನು ಕೂಗಬೇಕಾಗಿತ್ತು ಎಂಬುದನ್ನು ಆತ ಚಿತ್ರ ಸಮೇತ ಬರೆದಿದ್ದ. ಅದರಲ್ಲಿ ನನ್ನ ತಪ್ಪು ಇತ್ತು, ಅವನ ತಪ್ಪೂ ಇತ್ತು, ಒಂದೇ ಗುಂಪಿನಲ್ಲಿ ಮೂವತ್ತು ಮಂದಿಯನ್ನು ಹೊರಡಿಸಿದ ನಮ್ಮೆಲ್ಲರ ತಪ್ಪೂ ಇತ್ತು. ದೂರು ಮಾತ್ರ ಎಲ್ಲಿಯೂ ಇರಲಿಲ್ಲ. ನಾವು ಇಂದು ಪಾಲಿಸುವ ನಿಯಮಗಳೆಲ್ಲ ಆ ಎರಡು ಹಾಳೆಗಳಿಂದ ಹುಟ್ಟಿದವು. ಒಂದು ಗುಂಪಿಗೆ ಹನ್ನೆರಡು ಮಂದಿ ಮಾತ್ರ, ಮುಂದಿನವರ ಹಿಂಚಕ್ರದ ಬದಿಗೆ ನಮ್ಮ ಮುಂಚಕ್ರ ಹೋಗಕೂಡದು, ಮುಂದಿನಿಂದ ಬಂದ ಎಚ್ಚರಿಕೆಯನ್ನು ಪ್ರತಿಯೊಬ್ಬರೂ ಹಿಂದಕ್ಕೆ ದಾಟಿಸಬೇಕು, ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಅದನ್ನು ಮತ್ತೆ ಧರಿಸಬಾರದು. ತಮ್ಮಾ, ಮುಚ್ಚುವ ಪತ್ರವನ್ನು ಹರಿದುಹಾಕಲು ನನಗೆ ಬಲ ಕೊಟ್ಟವನು ನೀನು. ಇದನ್ನು ನಿನಗೆ ಎದುರಿಗೆ ಹೇಳಲು ನನ್ನಿಂದ ಇದುವರೆಗೆ ಆಗಿರಲಿಲ್ಲ.

ಅದೇ ವರ್ಷದಿಂದ ನಮಗೆ ಪ್ರಥಮ ಚಿಕಿತ್ಸೆ ಕಲಿಸುತ್ತ ಬಂದ, ವೃತ್ತಿಯಿಂದ ಶುಶ್ರೂಷಕಿಯಾಗಿರುವ ಅಕ್ಕನಿಗೆ ಎಷ್ಟು ವಂದನೆ ಹೇಳಿದರೂ ಸಾಲದು. ರಾತ್ರಿ ಪಾಳಿ ಮುಗಿಸಿ, ನಿದ್ದೆಯನ್ನು ಮುಂದೂಡಿ ಅವರು ನಮ್ಮ ತರಬೇತಿಗೆ ಬರುತ್ತಿದ್ದರು. ಉಸಿರು ನಿಂತವರ ಎದೆಯನ್ನು ನಿಮಿಷಕ್ಕೆ 100ರಿಂದ 120 ಬಾರಿ, ವಯಸ್ಕರಾದರೆ ಕನಿಷ್ಠ 5 ಸೆಂ.ಮೀ. ಆಳಕ್ಕೆ ಒತ್ತಬೇಕು, 30 ಒತ್ತುಗಳಿಗೆ ಎರಡು ಉಸಿರು ಕೊಡಬೇಕು ಎಂಬುದು ಈಗ ನಮ್ಮಲ್ಲಿ ಇಪ್ಪತ್ತೆರಡು ಮಂದಿಗೆ ಕೈಗತವಾಗಿದೆ. ತಲೆಗೆ ಪೆಟ್ಟಾದವರು ಏನೂ ಆಗಿಲ್ಲವೆಂದು ಎದ್ದು ನಿಂತರೂ ಅಂದು ಮತ್ತೆ ಸೈಕಲ್ ಹತ್ತಲು ಬಿಡಬಾರದು, ಲಕ್ಷಣಗಳು ಕೆಲವೊಮ್ಮೆ ಗಂಟೆಗಳ ನಂತರ ಕಾಣಿಸಿಕೊಳ್ಳುತ್ತವೆ ಎಂಬ ಅವರ ಕಟ್ಟಪ್ಪಣೆಯನ್ನು ನಾವು ಮೂರು ಬಾರಿ ಪಾಲಿಸಿದ್ದೇವೆ. ಎದೆ ಒತ್ತುವ ವಿದ್ಯೆ ಇದುವರೆಗೆ ರಸ್ತೆಯಲ್ಲಿ ಬಳಕೆಗೆ ಬಂದಿಲ್ಲ, ಎಂದಿಗೂ ಬಾರದಿರಲಿ. ಆದರೂ ಪ್ರತಿ ವರ್ಷ ಅದನ್ನು ಹೊಸದಾಗಿ ಅಭ್ಯಾಸ ಮಾಡಿಸುವ ಅವರ ಹಟಕ್ಕೆ ನಾನು ತಲೆಬಾಗುತ್ತೇನೆ.

2020ರಲ್ಲಿ ಲೋಕವೆಲ್ಲ ಮನೆಯೊಳಗೆ ಸೇರಿದಾಗ ನಮ್ಮ ಸವಾರಿಯೂ ನಿಂತಿತು. ಹಾಜರಿ ಪುಸ್ತಕವನ್ನು ನೋಡಿಕೊಳ್ಳುತ್ತಿದ್ದ ಸದಸ್ಯೆ, ಬರೆಯಲು ಹಾಜರಿಯೇ ಇಲ್ಲದ ಆ ದಿನಗಳಲ್ಲಿ, ಪುಸ್ತಕದ ಹೆಸರುಗಳಿಗೆ ಒಂದೊಂದಾಗಿ ಫೋನು ಮಾಡುತ್ತ ಹೋದರು. ಒಂಟಿಯಾಗಿದ್ದ ಇಬ್ಬರು ಹಿರಿಯರ ಕಾಯಿಲೆ ನಮಗೆ ಸಕಾಲದಲ್ಲಿ ತಿಳಿದದ್ದು ಆ ಕರೆಗಳಿಂದಲೇ. ನಿರ್ಬಂಧ ಸಡಿಲವಾದ ಮೇಲೆ ಎಲ್ಲೆಡೆ ಸೈಕಲ್ಲಿಗೆ ಬೇಡಿಕೆ ಏಕಾಏಕಿ ಏರಿ, ಟ್ಯೂಬು, ಚೈನು, ಬ್ರೇಕ್ ಪ್ಯಾಡುಗಳು ಸಿಗದಂತಾದಾಗ, ನಮ್ಮ ರಿಪೇರಿ ತಂಡದವರು ಮೂಲೆ ಸೇರಿದ್ದ ಹಳೆಯ ಸೈಕಲ್ಲುಗಳ ಬಿಡಿಭಾಗಗಳನ್ನು ಕಳಚಿ, ಬೇರೆ ವಾಹನವಿಲ್ಲದೆ ದಿನವೂ ಕೆಲಸಕ್ಕೆ ಹೋಗಲೇಬೇಕಾಗಿದ್ದವರಿಗಾಗಿ ಹದಿನೆಂಟು ಸೈಕಲ್ಲುಗಳನ್ನು ಸಜ್ಜುಗೊಳಿಸಿದರು. ಒಂದು ಸವಾರಿಯೂ ನಡೆಯದ ಆ ಕಾಲವನ್ನು ಬಳಗದ ಅತ್ಯುತ್ತಮ ದಿನಗಳೆಂದೇ ನಾನು ಎಣಿಸುತ್ತೇನೆ.

ಬಿಟ್ಟುಹೋದವರಿಗೂ ಕೃತಜ್ಞತೆ ಸಲ್ಲಬೇಕು. ಒಂದು ವರ್ಷ, ಆರು ತಿಂಗಳು, ಕೆಲವೊಮ್ಮೆ ಎರಡೇ ತಿಂಗಳು ಹೊಣೆ ಹೊತ್ತು, ಬಳಿಕ ಮನೆ, ಮಕ್ಕಳು, ಉದ್ಯೋಗದ ಕಾರಣದಿಂದ ದೂರವಾದ ಸ್ವಯಂಸೇವಕರು ಹಲವರಿದ್ದಾರೆ. ಅವರು ಅರ್ಧದಲ್ಲಿ ಬಿಟ್ಟರೆಂದು ನಾನು ಹಿಂದೆ ಬೇಸರಿಸಿಕೊಂಡದ್ದುಂಟು. ಅದು ಸರಿಯಲ್ಲವೆಂದು ಈಗ ತಿಳಿದಿದೆ. ಸಂಬಳವಿಲ್ಲದ ಕೆಲಸದಲ್ಲಿ ಕೊಟ್ಟಷ್ಟೂ ದೊಡ್ಡದೇ. ವೇಗದ ವಿಷಯದಲ್ಲಿ ನನ್ನೊಡನೆ ಭಿನ್ನಾಭಿಪ್ರಾಯ ಬಂದು ಪ್ರತ್ಯೇಕ ಗುಂಪು ಕಟ್ಟಿಕೊಂಡ ಮಿತ್ರರಿಗೂ ಇಲ್ಲಿ ವಂದನೆ ಹೇಳುತ್ತೇನೆ. ವೇಗವಾಗಿ ಹೋಗಬಯಸುವವರಿಗೆ ಅವರದೇ ಸವಾರಿ ಬೇಕೆಂದು ಅವರು ವಾದಿಸಿದ್ದು ಸರಿಯಾಗಿತ್ತು. ಅವರು ಹೊರಟ ಮೇಲೆ ನಮ್ಮ ಗುಂಪಿನಲ್ಲಿ ಹಿಂದೆ ಬೀಳುವವರು ಕಡಿಮೆಯಾದರು, ಕಳೆದ ಭಾನುವಾರ ಅವರ ಗುಂಪಿನವರೇ ಮುಖ್ಯ ತಿರುವುಗಳಲ್ಲಿ ನಿಂತು ನಮಗೆ ದಾರಿ ತೋರಿಸಿದರು.

ಇನ್ನು ನಮ್ಮ ಮನೆಗಳವರು. ವಾರದಲ್ಲಿ ಎಲ್ಲರೂ ಒಟ್ಟಿಗಿರಬಹುದಾದ ಒಂದೇ ಬೆಳಗನ್ನು ಹನ್ನೊಂದು ವರ್ಷ ನಮಗೆ ಬಿಟ್ಟುಕೊಟ್ಟವರು ಅವರು. ನಾವು ಮರಳುವುದು ತಡವಾದ ದಿನಗಳಲ್ಲಿ ಅವರು ಪಟ್ಟ ಆತಂಕಕ್ಕೆ ನಾವು ಯಾವ ಪುಸ್ತಕದಲ್ಲೂ ಗುರುತು ಹಾಕಿಲ್ಲ. ನನ್ನ ಮಡದಿಗೆ, ನನ್ನ ಮಗನಿಗೆ, ಹಾಗೆಯೇ ಪ್ರತಿಯೊಬ್ಬ ಸ್ವಯಂಸೇವಕರ ಮನೆಯವರಿಗೆ ನನ್ನ ಹೃತ್ಪೂರ್ವಕ ನಮಸ್ಕಾರ.

ಈ ಭಾನುವಾರದಿಂದ ಸಂಚಾಲಕತ್ವವನ್ನು ಇಬ್ಬರು ಕಿರಿಯರು ಒಟ್ಟಾಗಿ ವಹಿಸಿಕೊಳ್ಳುತ್ತಿದ್ದಾರೆ. ಒಬ್ಬರ ಮೇಲೆಯೇ ಎಲ್ಲ ಭಾರ ಬೀಳಬಾರದೆಂಬ ಅವರ ಷರತ್ತನ್ನು ಸಭೆ ಒಪ್ಪಿದೆ, ನನಗೂ ಅದರಲ್ಲಿ ಪೂರ್ಣ ಸಮ್ಮತಿಯಿದೆ. ಹಾಜರಿ ಪುಸ್ತಕ, ತುರ್ತು ಸಂಪರ್ಕದ ಚೀಟಿಗಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮತ್ತು ಎಡಗೈ ಬರಹದ ಆ ಎರಡು ಹಾಳೆಗಳನ್ನು ಅವರಿಗೆ ಒಪ್ಪಿಸಿದ್ದೇನೆ. 501ನೆಯ ಸವಾರಿಯ ಪಟ್ಟಿಯಲ್ಲಿ ಸ್ವೀಪ್ ಎಂಬುದರ ಎದುರು ನನ್ನ ಹೆಸರಿದೆ, ನಾನೇ ಕೇಳಿ ಬರೆಸಿಕೊಂಡದ್ದು. ಎರಡು ಬಿಡಿ ಟ್ಯೂಬು, ಒಂದು ಪಂಪು, ಗುರುಗಳ ಸಾಮಾನು ಚೀಲ ಬಾಗಿಲ ಬಳಿ ಸಿದ್ಧವಾಗಿವೆ. ಮೊದಲ ಬಾರಿಗೆ ಬರುವವರು ನಿಮ್ಮ ವೇಗ ಎಷ್ಟೇ ಇರಲಿ, ಬನ್ನಿ. ನಿಮ್ಮ ಹಿಂದೆ ನಾನಿರುತ್ತೇನೆ.