ಬಲ್ಬು ಕರೆಂಟನ್ನು ತಿನ್ನುವುದಿಲ್ಲ ಪುಟ್ಟಿ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ಓಮ್‌ನ ನಿಯಮ (ವೋಲ್ಟೇಜು ಜಾಸ್ತಿಯಾದರೆ ಕರೆಂಟು ಜಾಸ್ತಿ, ತಡೆ ಜಾಸ್ತಿಯಾದರೆ ಕಮ್ಮಿ) ಪಟಪಟ ಅಂತ ಹೇಳಿದೆ, ಖುಷಿಯಾಯಿತು. ಆದರೆ ಬಲ್ಬಿನ ಒಳಗೆ ಹೋಗುವ ಕರೆಂಟು ಜಾಸ್ತಿಯೋ, ಹೊರಗೆ ಬರುವುದು ಜಾಸ್ತಿಯೋ ಅಂತ ಕೇಳಿದಾಗ "ಹೋಗೋದೇ ಜಾಸ್ತಿ, ಬಲ್ಬು ಸ್ವಲ್ಪ ತಿಂದುಬಿಡುತ್ತಲ್ಲ" ಅಂದೆ. ಅದಕ್ಕೇ ಈ ಪತ್ರ. ಬೈಯೋಕಲ್ಲ. ನಿನ್ನ ವಯಸ್ಸಿನಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ, ಪರೀಕ್ಷೆಯಲ್ಲಿ ಒಳ್ಳೆ ಅಂಕವೂ ಬಂದಿತ್ತು!

ಎರಡೂ ಒಂದೇ. ಸೈಕಲ್ ಚೈನು ನೋಡು. ಪೆಡಲ್ ತುಳಿದರೆ ಅದು ಹಿಂದಿನ ಚಕ್ರವನ್ನು ತಿರುಗಿಸಿ ಹಾಗೇ ವಾಪಸ್ ಬರುತ್ತದೆ, ಒಂದು ಕೊಂಡಿಯೂ ಕಮ್ಮಿಯಾಗುವುದಿಲ್ಲ. ಖರ್ಚಾಗುವುದು ನಿನ್ನ ಕಾಲಿನ ಶಕ್ತಿ. ಇಲ್ಲಿ ಕಾಲು ಅಂದರೆ ಸೆಲ್, ತುಳಿಯುವ ಜೋರು ವೋಲ್ಟೇಜು, ಸೆಕೆಂಡಿಗೆ ಎಷ್ಟು ಕೊಂಡಿ ದಾಟಿದವು ಅನ್ನುವುದು ಕರೆಂಟು. ಟಾರ್ಚಿನ ವೈರಿನಲ್ಲಿ ಕೊಂಡಿಗಳ ಜಾಗದಲ್ಲಿರುವ ಎಲೆಕ್ಟ್ರಾನು ಅನ್ನುವ ಪುಟ್ಟ ಕಣಗಳು ಸೆಕೆಂಡಿಗೆ 1 ಮಿಲಿಮೀಟರ್ ಕೂಡ ಮುಂದೆ ಸರಿಯುವುದಿಲ್ಲ, ಆದರೂ ಸ್ವಿಚ್ ಒತ್ತಿದ ತಕ್ಷಣ ಬೆಳಕು ಬರುತ್ತದೆ, ಯಾಕೆಂದರೆ ಚೈನು ಮೊದಲೇ ಪೂರ್ತಿ ತುಂಬಿಕೊಂಡಿರುತ್ತದೆ. ಇನ್ನು ಕರೆಂಟು ಪ್ಲಸ್‌ನಿಂದ ಮೈನಸ್‌ಗೆ ಅಂತ ಬರೆಯುತ್ತಾರೆ, ಎಲೆಕ್ಟ್ರಾನು ಓಡುವುದು ಉಲ್ಟಾ. ಎಲೆಕ್ಟ್ರಾನು ಸಿಕ್ಕಿದ್ದು 1897ರಲ್ಲಿ, ಪ್ಲಸ್, ಮೈನಸ್ ಅಂತ ಹೆಸರಿಟ್ಟಿದ್ದು ಅದಕ್ಕಿಂತ ಎಷ್ಟೋ ಮುಂಚೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ.

ಈಗ ನನಗೆ ತುಂಬಾ ಇಷ್ಟವಾದ ಭಾಗ. 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಅನ್ನುವ ವಿಜ್ಞಾನಿ ವೈರಿನಲ್ಲಿ ಕರೆಂಟು ಹರಿಸಿದಾಗ ಪಕ್ಕದಲ್ಲಿದ್ದ ದಿಕ್ಸೂಚಿಯ ಮುಳ್ಳು ಅಲುಗಿತು. ಅಂದರೆ ಕರೆಂಟು ಹರಿಯುವ ವೈರು ಆಯಸ್ಕಾಂತದ ಹಾಗೆ ವರ್ತಿಸುತ್ತದೆ. ಇದನ್ನು ನೀನೇ ಮಾಡಿ ನೋಡು, ಸುಮ್ನೆ ಓದಿ ಬಿಡಬೇಡ. ಒಂದು 1.5 ವೋಲ್ಟ್ ಸೆಲ್, ಒಂದು ತುಂಡು ವೈರು, ಒಂದು ದಿಕ್ಸೂಚಿ ಸಾಕು. (ಗೋಡೆಯ ಪ್ಲಗ್ಗಿನ ಹತ್ತಿರ ಮಾತ್ರ ಹೋಗಲೇಬೇಡ, ಇದರಲ್ಲಿ ಚೌಕಾಸಿ ಇಲ್ಲ.) ವೈರನ್ನು ಮುಳ್ಳಿನ ಮೇಲೆ, ಮುಳ್ಳಿನ ಉದ್ದಕ್ಕೇ ಹಿಡಿದು, ತುದಿಗಳನ್ನು ಸೆಲ್ಲಿಗೆ ಒಂದು ಕ್ಷಣ ಮುಟ್ಟಿಸಿ ತೆಗೆ. ನಾನು ಮೊದಲ ಸಲ ಅಡ್ಡಡ್ಡ ಇಟ್ಟಿದ್ದೆ, ಮುಳ್ಳು ಜಪ್ಪಯ್ಯ ಅಂದರೂ ಅಲುಗಲಿಲ್ಲ, ಸೆಲ್ಲೇ ಸತ್ತಿದೆ ಅಂತ ಹಾಗೇ ಒತ್ತಿ ಹಿಡಿದು ಬೆರಳು ಸುಟ್ಟುಕೊಂಡೆ. ಮಧ್ಯೆ ಬಲ್ಬು ಇಲ್ಲದಿದ್ದರೆ ತಡೆಯುವವರೇ ಇಲ್ಲ, ವೈರು ಬಿಸಿಯಾಗದೆ ಇನ್ನೇನಾಗುತ್ತದೆ? ನಿನ್ನ ಓಮ್‌ನ ನಿಯಮ ಹೇಳುವುದೂ ಅದನ್ನೇ.

ಮುಟ್ಟಿಸುವ ಮುಂಚೆ ಮುಳ್ಳು ಯಾವ ಕಡೆ ತಿರುಗುತ್ತದೆ ಅಂತ ಪುಸ್ತಕದಲ್ಲಿ ಬರೆದಿಟ್ಟುಕೋ. ತಪ್ಪಾದರೂ ಪರವಾಗಿಲ್ಲ, ಬರೆದು ತಪ್ಪಿದ್ದು ಮರೆಯುವುದಿಲ್ಲ. ಆಮೇಲೆ ಸೆಲ್ಲನ್ನು ತಿರುಗಿಸಿ ಇನ್ನೊಂದು ಸಲ ನೋಡು.

ಹಾಗಾದರೆ ಆಯಸ್ಕಾಂತದಲ್ಲಿ ಸೆಲ್ಲೂ ಇಲ್ಲ ವೈರೂ ಇಲ್ಲವಲ್ಲ ಅಂತ ಕೇಳುತ್ತೀಯ, ಗೊತ್ತು. ಅಲ್ಲಿ ಒಂದೊಂದು ಎಲೆಕ್ಟ್ರಾನೂ ತಾನೇ ಒಂದು ಪುಟಾಣಿ ಆಯಸ್ಕಾಂತ. ತಾಮ್ರದಲ್ಲಿ ಅವು ಒಂದಕ್ಕೊಂದು ವಿರುದ್ಧವಾಗಿ ಜೋಡಿಯಾಗಿ ಬಲ ಕಳೆದುಕೊಳ್ಳುತ್ತವೆ, ಕಬ್ಬಿಣದಲ್ಲಿ ಕೆಲವು ಒಟ್ಟಾಗಿ ಒಂದೇ ಕಡೆ ಮುಖ ಮಾಡುತ್ತವೆ. ಆಯಸ್ಕಾಂತವನ್ನು ಮುರಿದರೆ ಉತ್ತರ ಒಂದು ತುಂಡಿಗೆ, ದಕ್ಷಿಣ ಇನ್ನೊಂದಕ್ಕೆ ಹೋಗದೆ ಎರಡು ಪೂರ್ತಿ ಆಯಸ್ಕಾಂತಗಳೇ ಆಗುವುದು ಇದಕ್ಕೇ. ಕಬ್ಬಿಣವನ್ನು ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿಸಿದರೆ ಆ ಸಾಲು ಚೆಲ್ಲಾಪಿಲ್ಲಿ.

ಕರೆಂಟಿನಿಂದ ಆಯಸ್ಕಾಂತವಾದರೆ ಆಯಸ್ಕಾಂತದಿಂದ ಕರೆಂಟು ಯಾಕಾಗಬಾರದು, ಅಲ್ವಾ? 1831ರಲ್ಲಿ ಮೈಕೆಲ್ ಫ್ಯಾರಡೆ ಅದನ್ನೂ ತೋರಿಸಿದರು. ವೈರಿನ ಸುರುಳಿಯೊಳಗೆ ಆಯಸ್ಕಾಂತ ಸುಮ್ನೆ ಕೂತಿದ್ದರೆ ಏನೂ ಇಲ್ಲ. ಒಳಗೆ ತಳ್ಳುವಾಗ, ಹೊರಗೆ ಎಳೆಯುವಾಗ ಮಾತ್ರ ಕರೆಂಟು. ಸೈಕಲ್ಲಿನ ಚಕ್ರದ ಜೊತೆ ತಿರುಗಿ ಲೈಟು ಉರಿಸುವ ಡೈನಮೋ ನಿಂತರೆ ಲೈಟು ಆರುವುದು ಯಾಕೆ ಅಂತ ಇದರಿಂದ ನೀನೇ ಹೇಳಬಲ್ಲೆ.

ವೈರನ್ನು ಮುಳ್ಳಿನ ಮೇಲಿಡುವ ಬದಲು ದಿಕ್ಸೂಚಿಯ ಕೆಳಗಿಟ್ಟರೆ ಏನಾಗುತ್ತದೆ ಅಂತ ಬೇಕೆಂದೇ ಹೇಳಿಲ್ಲ. ಮಾಡಿ ನೋಡಿ ಬರೆ, ಕಾಯುತ್ತಿರುತ್ತೇನೆ.

ನಿನ್ನ ಚಿಕ್ಕಪ್ಪ